ಮೂವತ್ತೊಂದನೇ ಹೈಡ್ರಂಟಿನ ನೀರು

ಕಾಕಾರ ಬಲಗಿವಿಯ ಮುಂದೆ, ಕೆನ್ನೆಯ ಎಲುಬು ಶುರುವಾಗುವ ಕಡೆ, ಎಂಟಾಣೆ ನಾಣ್ಯದಷ್ಟು ಅಗಲದ ಒಂದು ಕಪ್ಪು ಗುರುತು ಸದಾ ಇರುತ್ತಿತ್ತು. ಮಚ್ಚೆಯಲ್ಲ, ಗ್ರೀಸು. ಪಂಪು ಶುರುವಾದ ಕೂಡಲೇ ಅವರು ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಕೆಯನ್ನು ಕಿವಿಯ ಬುಡಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನ ಗುಂಡುಗಳು ಸರಿಯಾಗಿ ಉರುಳುತ್ತಿವೆಯೋ ಇಲ್ಲವೋ ಎಂದು ಕೇಳಿ ತಿಳಿಯುವ ರೀತಿ ಅದು. ಆ ಅರ್ಧ ನಿಮಿಷ ಯಾರೂ ಮಾತಾಡುವಂತಿಲ್ಲ. ಮ್ಯಾನೇಜರ್ ಸಾಹೇಬರು ಬಂದರೂ ಎಡಗೈ ಎತ್ತಿ ತಡೆಯುತ್ತಿದ್ದರು.

ಬಲಗಿವಿ ಎಂದು ಬರೆದೆ. ಆದರೆ ಆಯುಧಪೂಜೆಯ ದಿನ ಪಂಪಿನ ಮುಂದೆ ನಿಂತು ನಾವಿಬ್ಬರು ತೆಗೆದುಕೊಂಡ ಫೋಟೋದಲ್ಲಿ ಗುರುತು ಎಡಗಡೆ ಇದೆ. ಅದು ಸೆಲ್ಫಿ. ಸೆಲ್ಫಿಯಲ್ಲಿ ಎಡಬಲ ಅದಲುಬದಲಾಗುತ್ತದಂತೆ, ಆಗ ನನ್ನ ಬಳಿ ಇದ್ದ ಫೋನಿನಲ್ಲಿ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆ ಫೋನೂ ಈಗಿಲ್ಲ. ಆರು ವರ್ಷ ದಿನವೂ ನೋಡಿದ ಮುಖದ ಒಂದು ಕಿವಿಯ ವಿಷಯದಲ್ಲೇ ನನಗೆ ಖಾತ್ರಿ ಇಲ್ಲದಿರುವಾಗ, ಮುಂದೆ ಬರೆಯುವುದನ್ನು ಎಷ್ಟು ನಂಬಬೇಕೋ ಓದುವ ನೀವೇ ತೀರ್ಮಾನಿಸಿ.

ನಾನು ಅಗ್ನಿ ಸುರಕ್ಷತೆಯ ಎಂಜಿನಿಯರ್. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ದೊಡ್ಡ ದೊಡ್ಡ ವಿದ್ಯುತ್ ಯಂತ್ರಗಳನ್ನು ತಂದು ಪರೀಕ್ಷಿಸುವ ಕೇಂದ್ರವೊಂದರಲ್ಲಿ ಕೆಲಸ. ಲಾರಿಗಟ್ಟಲೆ ಎಣ್ಣೆ ತುಂಬಿದ ಯಂತ್ರಗಳು, ಅವುಗಳ ಮೇಲೆ ಹರಿಸುವ ವಿಪರೀತ ವಿದ್ಯುತ್ತು. ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಬಿದ್ದರೆ ಆರಿಸಲು ಎಲ್ಲವೂ ತಯಾರಿರುವಂತೆ ನೋಡಿಕೊಳ್ಳುವುದು ನನ್ನ ಪಾಲಿನದು. ಏನೂ ಆಗದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಹಾಗಾಗಿ ವರ್ಷದ ಕೊನೆಗೆ ಏನು ಮಾಡಿದಿರಿ ಎಂದು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇರುವುದಿಲ್ಲ.

ಕಾಕಾ ನಮ್ಮ ಅಗ್ನಿಶಾಮಕ ಪಂಪ್‌ಹೌಸಿನ ಆಪರೇಟರ್. ಕೇಂದ್ರದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೇ. ಉಪ್ಪಿನಬೆಟಗೇರಿಯಿಂದ ಮೊದಲ ಬಸ್ಸಿಗೆ ಹೊರಟು, ಧಾರವಾಡದಲ್ಲಿ ಇನ್ನೊಂದು ಹತ್ತಿ, ನಾವೆಲ್ಲ ಬರುವ ಮೊದಲೇ ಬಂದಿರುತ್ತಿದ್ದರು. ಹಣೆಗೆ ಮೂರೆಳೆ ವಿಭೂತಿ. ಅದೇ ಬೆರಳಲ್ಲಿ ಉಳಿದದ್ದನ್ನು ಡೀಸೆಲ್ ಪಂಪಿನ ಮೂತಿಗೂ ಎಳೆಯುತ್ತಿದ್ದರು. “ಇದಕ್ಕ ಯಾಕ ಕಾಕಾ?” ಎಂದು ಕೇಳಿದ್ದಕ್ಕೆ, “ಇದೂ ನನ್ನಂಗಽ ನೋಡ್ರಿ, ವರ್ಷಗಟ್ಟಲೆ ಸುಮ್ನ ಕುಂದರತೈತಿ. ಕರದಾಗ ಎದ್ದು ಬರಬೇಕಲ್ಲ,” ಎಂದಿದ್ದರು.

ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಅವರ ಋಣಕ್ಕೆ ಬಿದ್ದೆ. ಪಂಪ್‌ಹೌಸಿನ ಪಕ್ಕ ಬೆಂಕಿಗೆಂದೇ ಮೀಸಲಾದ ನೀರಿನ ಟ್ಯಾಂಕಿದೆ. ಎರಡು ಅಂತಸ್ತಿನ ಎತ್ತರದ ಉಕ್ಕಿನ ಟ್ಯಾಂಕು. ಒಳಗೆ ಎಷ್ಟು ನೀರಿದೆ ಎಂದು ಹೊರಗಿನಿಂದ ತಿಳಿಯಲು ಅದರ ಮೈಗೆ ಉದ್ದನೆಯ ಒಂದು ಹಲಗೆ, ಹಲಗೆಯ ಮೇಲೆ ತಂತಿಯಲ್ಲಿ ತೂಗುವ ಒಂದು ಬಾಣ. ಒಂದು ಬೆಳಿಗ್ಗೆ ನೋಡುತ್ತೇನೆ, ಬಾಣ ತೀರಾ ಕೆಳಗೆ ನೆಲದ ಹತ್ತಿರ ತೂಗುತ್ತಿದೆ. ಹಲಗೆಯ ಮೇಲಿನ ಅಂಕಿಗಳು ಬಿಸಿಲಿಗೆ ಅಳಿಸಿಹೋಗಿದ್ದವು. ಅಲ್ಲಿಂದಲೇ ಮ್ಯಾನೇಜರರಿಗೆ ಫೋನ್ ಮಾಡಿ ಟ್ಯಾಂಕು ಖಾಲಿಯಾಗಿದೆ ಎಂದೆ. ಹತ್ತು ನಿಮಿಷದಲ್ಲಿ ಅವರ ಕಾರು ಬಂತು. ಚಹಾ ಕುಡಿಯಲು ಹೋಗಿದ್ದ ಕಾಕಾ ಕೂಡ ಓಡಿ ಬಂದರು. ಬಾಣ ನೋಡಿದರು, ನನ್ನ ಮುಖ ನೋಡಿದರು.

“ಯಾರು ಅಂದದ್ದು ಖಾಲಿ ಐತಿ ಅಂತ?” ಎಂದರು ಸಾಹೇಬರು.

“ನಾನಽ ಅಂದೇನ್ರಿ ಸಾಹೇಬ್ರ,” ಎಂದರು ಕಾಕಾ. “ಕಣ್ಣಿಗೆ ಪೊರಿ ಬಂದಂಗ ಆಗೇತಿ. ಬೋರ್ಡ್ ಉಲ್ಟಾ ಕಂಡ್ತು.”

“ಫೋನ್ ಮಾಡಿದವ್ರು ಮೇಡಂ ಅಲ್ಲೇನು?”

“ನಾ ಹೇಳಿದ್ದನ್ನ ಅವ್ರು ನಿಮಗ ಹೇಳ್ಯಾರ್ರಿ. ಹೊಸಬ್ರು, ಅವ್ರಿಗೇನು ಗೊತ್ತು?”

ಸಾಹೇಬರು ಐದು ನಿಮಿಷ ಅವರನ್ನು ಬೈದರು. ಇಷ್ಟು ವರ್ಷ ಸರ್ವಿಸ್ ಆಗಿದೆ, ಬೋರ್ಡ್ ಓದಲು ಬರುವುದಿಲ್ಲವೇ ಎಂದರು. ಕಾಕಾ ಎಲ್ಲದಕ್ಕೂ ತಲೆಯಾಡಿಸಿದರು. ಕಾರು ಹೋದ ಮೇಲೆ ನನಗೆ ತಿಳಿಸಿ ಹೇಳಿದರು: ಒಳಗೆ ನೀರಿನ ಮೇಲೆ ತೇಲುವ ಒಂದು ಡಬ್ಬಿ ಇದೆ, ಅದಕ್ಕೆ ಕಟ್ಟಿದ ತಂತಿ ರಾಟೆಯ ಮೇಲೆ ಹಾದು ಹೊರಗಿಳಿದು ಬಾಣವನ್ನು ಹಿಡಿದಿದೆ. ಒಳಗೆ ಡಬ್ಬಿ ಏರಿದರೆ ಹೊರಗೆ ಬಾಣ ಇಳಿಯುತ್ತದೆ. ಅಂದರೆ ಆ ಬೆಳಿಗ್ಗೆ ಟ್ಯಾಂಕು ಕಂಠಮಟ್ಟ ತುಂಬಿತ್ತು.

“ತುಂಬಿದ್ದು ಕೆಳಗಿರತೈತ್ರಿ ಮೇಡಂ, ಖಾಲಿ ಇದ್ದದ್ದು ಮ್ಯಾಲಿರತೈತಿ,” ಎಂದು ದೂರ ಹೋಗುತ್ತಿದ್ದ ಸಾಹೇಬರ ಕಾರಿನ ಕಡೆ ನೋಡಿ ಮೀಸೆಯಲ್ಲೇ ನಕ್ಕರು.

“ನೀವ್ಯಾಕ ಸುಳ್ಳು ಹೇಳಿದ್ರಿ ಕಾಕಾ?”

“ನಿಮ್ಮದು ಮೊದಲನೇ ವಾರ. ನನ್ನದು ಮುಗಿಯಾಕ ಬಂದೈತಿ. ಬೈಗಳ ನನಗ ಹತ್ತಂಗಿಲ್ರಿ.”

ಎಷ್ಟು ಸಲೀಸಾಗಿ ಸುಳ್ಳು ಹೇಳಿದರು ಎಂದು ಆ ದಿನ ಬೆರಗಾಗಿತ್ತು. ಇವತ್ತಿಗೂ ನನ್ನನ್ನು ಗೊಂದಲಕ್ಕೆ ಕೆಡವುವುದು ಅವರ ಆ ಸಲೀಸುತನವೇ.

ಪ್ರತಿ ಮಂಗಳವಾರ ಬೆಳಿಗ್ಗೆ ಪಂಪುಗಳ ಪರೀಕ್ಷೆ. ಅವನ್ನು ಶುರು ಮಾಡಿ, ಕಿವಿಗೆ ಸ್ಕ್ರೂಡ್ರೈವರ್ ಒತ್ತಿ ಕೇಳಿ, ಒತ್ತಡದ ಮುಳ್ಳು ಏಳಕ್ಕೆ ನಿಂತಿದೆಯೇ ಎಂದು ನೋಡಿ ಕಾಕಾ ಒಂದು ಹೋಸ್ ಪೈಪ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ನಮ್ಮ ಆವರಣದಲ್ಲಿ ಮೂವತ್ತೊಂದು ಹೈಡ್ರಂಟುಗಳಿವೆ. ಹೈಡ್ರಂಟ್ ಎಂದರೆ ನೆಲದಿಂದ ಎದ್ದ ಕೆಂಪು ಕೊಳವೆ. ಬೆಂಕಿ ಬಿದ್ದಾಗ ಹೋಸ್ ಸಿಕ್ಕಿಸಿ ತೆರೆದರೆ ಟ್ಯಾಂಕಿನ ನೀರು ಅಲ್ಲಿಗೆ ನುಗ್ಗುತ್ತದೆ. ಮೂವತ್ತೊಂದನೆಯದು ಕೊನೆಯದು. ಹಿಂದಿನ ಗೋಡೆಗೆ ಹತ್ತಿಕೊಂಡು, ಕೇಬಲ್ಲಿನ ದೊಡ್ಡ ದೊಡ್ಡ ಕಟ್ಟಿಗೆಯ ಉರುಳೆಗಳನ್ನು ಪೇರಿಸಿಡುವ ಬಯಲಿನ ಅಂಚಿನಲ್ಲಿದೆ. ಕಾಕಾ ಪ್ರತಿ ವಾರ ಅದನ್ನೇ ತೆರೆಯುತ್ತಿದ್ದರು. ಹೋಸಿನ ಬಾಯಿಯನ್ನು ಗೋಡೆಯ ಆಚೆಗೆ ಇಳಿಬಿಡುತ್ತಿದ್ದರು.

ಗೋಡೆಯ ಆಚೆ ಒಂದು ಸಣ್ಣ ಬಡಾವಣೆ. ನಮ್ಮ ಹುಬ್ಬಳ್ಳಿಯಲ್ಲಿ ನಲ್ಲಿಯ ನೀರು ವಾರಕ್ಕೊಮ್ಮೆ ಬಂದರೆ ಹೆಚ್ಚು ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಕಮರಿಪೇಟೆಯ ನಮ್ಮ ಮನೆಯಲ್ಲೂ ನೀರು ಬರುವ ದಿನ ಅವ್ವ ಬೋಗುಣಿ, ಬಕೀಟು, ಚಹಾದ ಪಾತ್ರೆಯನ್ನೂ ಬಿಡದೆ ಸಾಲಾಗಿಡುತ್ತಾಳೆ. ಆ ಬಡಾವಣೆಗೆ ಇನ್ನೂ ನಲ್ಲಿಯೇ ಬಂದಿರಲಿಲ್ಲ. ಮಂಗಳವಾರ ಗೋಡೆಯಾಚೆ ಕೊಡಗಳ ಸದ್ದು ನಾವು ಅಲ್ಲಿಗೆ ಹೋಗುವ ಮೊದಲೇ ಕೇಳುತ್ತಿತ್ತು.

“ಏ ಪಂಪಪ್ಪಾ, ಇವತ್ತ ಮಂಗಳಾರ ಅನ್ನೂದು ಮರ್ತ್ಯೋ ಏನು?” ಎಂದು ಒಬ್ಬ ಮುದುಕಿ ಕೂಗುತ್ತಿದ್ದಳು. ಅವಳ ಮುಖ ನಾನು ಯಾವತ್ತೂ ನೋಡಲಿಲ್ಲ. ಗೋಡೆ ಎತ್ತರವಾಗಿತ್ತು.

“ಮರೀಲಿಕ್ಕೆ ನೀ ಎಲ್ಲಿ ಬಿಡ್ತೀ ಬಿಡವಾ. ನಸುಕಿನ್ಯಾಗಽ ಕೊಡಾ ಬಡಿಯಾಕ ನಿಂತಿರ್ತಿ.”

“ಹೋದ ವಾರ ಕೆಂಪು ನೀರು ಕೊಟ್ಟೆಲ್ಲೋ, ನನ್ನ ಸೀರಿ ಹಾಳಾತು.”

“ಮೊದಲ ಬಂದದ್ದು ಪೈಪಿನ ತುಕ್ಕು ಐತಿ, ಹೊರಗ ಚೆಲ್ಲು ಅಂತ ಹೇಳಿರಲಿಲ್ಲೇನು? ಆಸೇಕ ಬಿದ್ದು ನೀನಽ ಹಿಡದಿ!”

ಐದು ನಿಮಿಷದ ಪರೀಕ್ಷೆ ಅರ್ಧ ಗಂಟೆಯಾಗುತ್ತಿತ್ತು. ನಾನು ನೋಡುತ್ತಿದ್ದೆ. ಒಂದೆರಡು ಸಲ ಹೋಸ್ ಹಿಡಿದು ಕೂಡ ನಿಂತಿದ್ದೇನೆ. ನೀರು ಹೊರಟಾಗ ಹೋಸ್ ಹಾವಿನಂತೆ ಎದ್ದು ಹೊರಳುತ್ತದೆ, ಒಬ್ಬರಿಗೆ ಹಿಡಿಯುವುದು ಕಷ್ಟ. ಆಮೇಲೆ ಪುಸ್ತಕದಲ್ಲಿ “ಹೈಡ್ರಂಟ್ ೩೧, ನೀರಿನ ಹರಿವು ಸರಿ ಇದೆ” ಎಂದು ಬರೆದು ಸಹಿ ಮಾಡುತ್ತಿದ್ದವಳು ನಾನೇ. ವರ್ಷಗಟ್ಟಲೆ ಆ ಸಹಿಗಳಿವೆ.

ಹಾಗಿದ್ದರೆ ಒಂದು ಬೇಸಿಗೆಯಲ್ಲಿ ನಾನೇ ಅದನ್ನು ಯಾಕೆ ನಿಲ್ಲಿಸಿದೆ? ಟ್ಯಾಂಕು ತುಂಬಿಸುವ ಬೋರ್‌ವೆಲ್‌ಗಳು ಸೊರಗಿದ್ದವು. ಹಲಗೆಯ ಮೇಲೆ ಬಾಣ ವಾರವಾರವೂ ಗೇಣುಗೇಣು ಮೇಲೇರುತ್ತಿತ್ತು. ಒಳಗೆ ನೀರು ಇಳಿಯುತ್ತಿತ್ತು. ಮೇಲಿನಿಂದ ತಪಾಸಣೆಗೆ ಬರುವವರಿದ್ದರು. ಇರಲೇಬೇಕಾದ ಮಟ್ಟಕ್ಕಿಂತ ಕೆಳಗೆ ನೀರಿದ್ದರೆ ಉತ್ತರ ಕೊಡಬೇಕಾದವಳು ನಾನು. ಪಂಪ್‌ಹೌಸಿಗೆ ಹೋಗಿ, ಇನ್ನು ಮುಂದೆ ಮೂವತ್ತೊಂದನ್ನು ತೆರೆಯುವುದು ಬೇಡ, ವಾಪಸ್ ಲೈನಿನಲ್ಲೇ ಪರೀಕ್ಷೆ ಮಾಡಿ ಎಂದೆ. ಪಂಪಿನಿಂದ ಹೊರಟ ನೀರು ಅಲ್ಲಿಂದಲೇ ತಿರುಗಿ ಟ್ಯಾಂಕಿಗೆ ಬೀಳುವ ಕೊಳವೆ ಅದು. ಒಂದು ಹನಿಯೂ ಖರ್ಚಾಗುವುದಿಲ್ಲ.

“ಅದು ಪಂಪಿನ ಟೆಸ್ಟ್ ಆತ್ರಿ ಮೇಡಂ. ಲೈನಿಂದು?” ಎಂದರು ಕಾಕಾ.

“ಮುಳ್ಳು ಏಳು ತೋರಸ್ತೈತಲ್ರಿ.”

“ಮುಳ್ಳು ಪಂಪಿನ ಬಾಜೂಕ ಕುಂತೈತಿ. ಹಿತ್ತಲದ ಹಕೀಕತ್ ಅದಕ್ಕೇನು ಗೊತ್ತು? ಕೊನೀಗೆ ನೀರು ಬಂದ್ರಽ ನಡುವ ಎಲ್ಲಾ ಬರೋಬ್ಬರಿ ಐತಿ ಅಂತ.”

“ಕಾಕಾ, ಗ್ವಾಡಿ ಆಚೀ ಕಡೆ ಅರ್ಧಾ ತಾಸು ನೀರು ಬಿಡೂದಕ್ಕ ಟೆಸ್ಟ್ ಅಂತ ಹೆಸರಿಡಬ್ಯಾಡ್ರಿ.”

ಅವರು ಸ್ಕ್ರೂಡ್ರೈವರ್ ಎತ್ತಿಕೊಂಡು ಪಂಪಿನ ಕಡೆ ತಿರುಗಿದರು.

ಈ ಸಂಭಾಷಣೆ ನನಗೆ ಹೀಗೆ ನೆನಪಿದೆ, ಮಾತು ಮಾತೂ ಹೀಗೆಯೇ. ಅದೇ ನನ್ನ ಅನುಮಾನಕ್ಕೆ ಕಾರಣ. ಕಾಲೇಜಿನ ದಿನಗಳಿಂದಲೂ ಡೈರಿ ಬರೆಯುವವಳು ನಾನು. ಆ ದಿನದ ಪುಟದಲ್ಲಿರುವುದು ಇಷ್ಟೇ: “ಕೊನೇ ಹೈಡ್ರಂಟ್ ವಿಷಯಕ್ಕೆ ಕಾಕಾ ಜೊತೆ ಮಾತು ಬೆಳೆಯಿತು. ತಲೆನೋವು. ಮೊಸರು ತರುವುದು ಮರೆತೆ.” ಕೊನೆಗೆ ನೀರು ಬಂದರೆ ಮಾತ್ರ ನಡುವೆ ಎಲ್ಲ ಸರಿ ಎಂಬ ಮಾತನ್ನು ಅವರು ಆ ದಿನ ನಿಜವಾಗಿಯೂ ಆಡಿದರೇ? ಆಡಿದ್ದರೆ ಅವರು ನನ್ನನ್ನು ಎಚ್ಚರಿಸಿದ್ದರು, ನಾನು ಕೇಳಲಿಲ್ಲ ಎಂದಾಗುತ್ತದೆ. ಅಥವಾ ಆಮೇಲೆ ನಡೆದದ್ದನ್ನು ಕಂಡು ನಾನೇ ಆ ಮಾತನ್ನು ಅವರ ಬಾಯಿಗೆ ಇಟ್ಟೆನೇ? ಮೊಸರು ಮರೆತದ್ದನ್ನು ಬರೆದಿಟ್ಟವಳು ಅದನ್ನು ಬರೆಯಲಿಲ್ಲವಲ್ಲ.

ನಾನು ಹೇಳಿದ ಮೇಲೂ ಎರಡು ಮಂಗಳವಾರ ಅವರು ಮೂವತ್ತೊಂದನ್ನು ತೆರೆದರು. ಎರಡನೆಯ ಸಲ ಗೋಡೆಯ ಮೇಲೆ ಹೋಸ್ ನೋಡಿದವಳು ಸೀದಾ ಆಫೀಸಿಗೆ ಹೋಗಿ ಮೆಮೊ ಬರೆದೆ. “ಪರೀಕ್ಷೆಯ ನೆಪದಲ್ಲಿ, ಹೊರಗಿನವರಿಗೆ ಕೊಡುವ ಉದ್ದೇಶದಿಂದ, ಬೆಂಕಿಗೆ ಮೀಸಲಾದ ನೀರನ್ನು ಬಿಟ್ಟಿರುತ್ತಾರೆ.” ಸಾಹೇಬರು ಅವರನ್ನು ಎಚ್ಚರಿಸಿ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಹಾಗೆಂದುಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ. ಮೆಮೊ ಅವರ ಫೈಲು ಸೇರಿತು. ಅವರನ್ನು ಪಂಪ್‌ಹೌಸಿನಿಂದ ತೆಗೆದು, ಉಗ್ರಾಣದ ಗೇಟಿನಲ್ಲಿ ಬಂದು ಹೋಗುವ ಗಾಡಿಗಳ ನಂಬರ್ ಬರೆಯಲು ಹಾಕಿದರು.

ಆ ಸಂಜೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

“ರಿಟೈರ್ ಆಗಾಕ ಇನ್ನ ಹತ್ತು ತಿಂಗಳು ಐತ್ರಿ. ಪಂಪಿನ ಹಂತ್ಯಾಕಽ ಮುಗಸ್ಬೇಕು ಅಂತಿತ್ತು. ಸಾಹೇಬ್ರಿಗೆ ನೀವೊಂದು ಮಾತು ಹೇಳಿದ್ರ ಕೇಳ್ತಾರ.”

“ನೋಡ್ತೇನ್ರಿ ಕಾಕಾ,” ಎಂದೆ.

ನೋಡಲಿಲ್ಲ. ತಪಾಸಣೆ ಮುಗಿಯಲಿ ಎಂದುಕೊಂಡೆ, ಮಳೆ ಬಂದು ಟ್ಯಾಂಕು ತುಂಬಲಿ ಎಂದುಕೊಂಡೆ. ಮನೆಯಲ್ಲಿ ಅವ್ವನಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, “ನೀರು ಕೊಟ್ಟಾರ ಅಂತ ಬರದ್ಯಾ? ನೀರು ಕೊಟ್ಟಾರ ಅಂತ?” ಎಂದು ಎರಡು ಸಲ ಕೇಳಿದಳು. ಟ್ಯಾಂಕಿನ ನೀರು ಯಾತಕ್ಕಿದೆ, ನಿಯಮ ಏನು ಎಂದು ವಿವರಿಸಿದೆ. ನಾನು ಹೇಳಿದ್ದು ಸರಿಯೇ ಇತ್ತು. ಅವಳಿಗೆ ಅರ್ಥವಾಯಿತು ಕೂಡ. ಆದರೂ ಆ ರಾತ್ರಿ ನನಗೆ ಬಡಿಸಿಟ್ಟು ತಾನು ಮಲಗಲು ಹೋದಳು.

ನಾಲ್ಕು ತಿಂಗಳ ನಂತರ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಹಿಂದಿನ ಬಯಲಿನಲ್ಲಿ ಕೇಬಲ್ ಉರುಳೆಗಳಿಗೆ ಬೆಂಕಿ ಹತ್ತಿತು. ಪಕ್ಕದಲ್ಲಿ ವೆಲ್ಡಿಂಗ್ ನಡೆದಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಕಾವಲಿನವರು ಮೂವತ್ತೊಂದಕ್ಕೆ ಹೋಸ್ ಸಿಕ್ಕಿಸಿ ತೆರೆದಿದ್ದರು. ಹೋಸಿನಿಂದ ಉಸ್ಸೆಂದು ಗಾಳಿ ಬಂತು, ಒಂದು ಬೊಗಸೆಯಷ್ಟು ಕೆಂಪು ನೀರು ಬಂತು, ನಿಂತಿತು. ಪಂಪ್‌ಹೌಸಿಗೆ ಫೋನ್ ಮಾಡಿದರೆ ಹೊಸ ಆಪರೇಟರ್, “ಪಂಪ್ ಚಾಲೂ ಐತ್ರಿ ಮೇಡಂ, ಮುಳ್ಳು ಏಳರ ಮ್ಯಾಲೈತಿ,” ಎಂದ. ಉರುಳೆಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಒಬ್ಬ ಕಾವಲಿನವನ ಅಂಗೈ ಸುಟ್ಟಿತು. ಅವನು ಕೈ ಎತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಓದಿದ್ದೆಲ್ಲ ತಲೆಯಲ್ಲಿತ್ತು, ಯಾವುದು ಮೊದಲು ಎಂಬುದು ಮಾತ್ರ ಇರಲಿಲ್ಲ.

ಕಾಕಾ ಗೇಟಿನಿಂದ ಓಡಿ ಬಂದರು. ನಮ್ಮ ಹತ್ತಿರ ಬರಲೇ ಇಲ್ಲ. ರಸ್ತೆ ತಿರುಗುವಲ್ಲಿ ನೆಲದೊಳಗಿನ ವಾಲ್ವಿನ ಗುಂಡಿಯ ಮುಚ್ಚಳ ಎತ್ತಿ, ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈ ಒಳಗಿಳಿಸಿ ಏನನ್ನೋ ತಿರುಗಿಸತೊಡಗಿದರು. ತಿರುಗಿಸುತ್ತ ತಿರುಗಿಸುತ್ತ, “ಹೋಸ್ ಹಿಡೀರೋ, ಗಟ್ಟಿ ಹಿಡೀರೋ!” ಎಂದು ಕೂಗಿದರು. ನೀರು ಬಂತು. ಹಿಡಿದಿದ್ದ ಇಬ್ಬರನ್ನೂ ಹಿಂದಕ್ಕೆ ತಳ್ಳುವಷ್ಟು ಜೋರಾಗಿ ಬಂತು. ಬೆಂಕಿ ಆರಿತು.

ರಸ್ತೆಯ ಕೆಲಸಕ್ಕೆ ಬಂದಿದ್ದ ಗುತ್ತಿಗೆಯವರು ಅಗೆಯುವಾಗ ಆ ವಾಲ್ವ್ ಮುಚ್ಚಿದ್ದರು, ಮತ್ತೆ ತೆರೆದಿರಲಿಲ್ಲ. ಮೂರು ತಿಂಗಳಿನಿಂದ ಮೂವತ್ತೊಂದಕ್ಕೆ ನೀರಿರಲಿಲ್ಲ. ಆ ಮೂರು ತಿಂಗಳೂ ಪ್ರತಿ ಮಂಗಳವಾರ ಪರೀಕ್ಷೆ ಸರಿ ಇದೆ ಎಂದು ನಾನು ಸಹಿ ಮಾಡಿದ್ದೆ. ಪಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಪಂಪಿಗೆ ನೀರು ಸುತ್ತುತ್ತಿತ್ತು. ಮುಳ್ಳು ಏಳನ್ನು ತೋರಿಸುತ್ತಿತ್ತು.

“ಮುಚ್ಚೇತಿ ಅಂತ ನಿಮಗ ಹ್ಯಾಂಗ ಗೊತ್ತಾತು ಕಾಕಾ?” ಎಂದು ಆ ಸಂಜೆ ಕೇಳಿದೆ.

“ಪಂಪ್ ಹೊಡ್ಯಾಕತ್ತೈತಿ, ಕೊನೀಗೆ ನೀರಿಲ್ಲ. ಅಂದ್ರ ನಡುವ ಯಾರೋ ಬಾಯಿ ಮುಚ್ಯಾರ. ಇದ್ರಾಗ ಗೊತ್ತಾಗೂದೇನೈತ್ರಿ?”

ವಿಚಾರಣೆಗೆ ಮೂವರ ಸಮಿತಿ ಕೂತಿತು. ಎಂಜಿನಿಯರ್ ಎಂದು ನನ್ನನ್ನೂ ಮೇಜಿನ ಒಂದು ಬದಿಗೆ ಕೂರಿಸಿದ್ದರು. ಕಾಕಾರನ್ನು ಕರೆದರು. ಅವರು ವಿಭೂತಿ ಧರಿಸಿ, ಇಸ್ತ್ರಿ ಅಂಗಿ ಹಾಕಿ ಬಂದಿದ್ದರು. ಸಮಿತಿಯ ಹಿರಿಯರು ಕೇಳಿದರು:

“ಮೊದಲ ನೀವು ವಾರಾ ವಾರಾ ಮೂವತ್ತೊಂದನ್ನ ತೆರೀತಿದ್ರಂತಲ್ಲ, ಯಾತಕ್ಕ?”

“ಟೆಸ್ಟಿಗೆ” ಎಂಬ ಒಂದು ಮಾತು ಸಾಕಿತ್ತು. ಲೈನು ಸರಿ ಇದೆಯೇ ಎಂದು ನೋಡುತ್ತಿದ್ದೆ, ಮೇಡಂ ನಿಲ್ಲಿಸಿದರು ಎಂದು ಅವರು ಹೇಳಿದರೆ ಮೆಮೊ ಬಿದ್ದುಹೋಗುತ್ತಿತ್ತು, ಅವರು ಮತ್ತೆ ಪಂಪ್‌ಹೌಸಿಗೆ ಹೋಗುತ್ತಿದ್ದರು. ನನ್ನ ಗತಿ ಬೇರೆಯೇ ಆಗುತ್ತಿತ್ತು.

ಕಾಕಾ ನನ್ನ ಕಡೆ ನೋಡಲಿಲ್ಲ.

“ನೀರಿಗ್ರಿ,” ಎಂದರು. “ಗ್ವಾಡಿ ಆಚೀ ಕಡೆ ಹೆಣ್ಮಕ್ಕಳು ಕೊಡಾ ಹಿಡದು ನಿಂದರತಿದ್ರು. ಬಿಡ್ತಿದ್ದೆ. ಟೆಸ್ಟ್ ಅಂಬೋದು ಒಂದು ನೆವ ಇತ್ರಿ. ಮೇಡಂ ನಿಲ್ಲಿಸಿದ್ದು ಬರೋಬ್ಬರಿ ಐತಿ.”

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ನಕ್ಕರು. ಬರೆದುಕೊಂಡರು. ತಪ್ಪು ಗುತ್ತಿಗೆಯವರದೆಂದು ವರದಿಯಾಯಿತು. ನನ್ನ ಹೆಸರು ಅದರಲ್ಲಿ ಬರಲಿಲ್ಲ.

ನಾನು ಬಾಯಿ ತೆರೆಯಬಹುದಿತ್ತು. ಇಲ್ಲ, ಇವರು ನನ್ನನ್ನು ಎಚ್ಚರಿಸಿದ್ದರು ಎನ್ನಬಹುದಿತ್ತು. ಆದರೆ ಎಚ್ಚರಿಸಿದ್ದರೇ? ನೆನಪು ಖಚಿತವಿಲ್ಲ, ಡೈರಿಯಲ್ಲಿ ಇಲ್ಲ, ಖಚಿತವಿಲ್ಲದ್ದನ್ನು ವಿಚಾರಣೆಯಲ್ಲಿ ಹೇಳಬಾರದು ಎಂದು ಸುಮ್ಮನೆ ಕೂತೆ. ನೆನಪಿನ ಮೇಲಿನ ನನ್ನ ಈ ಅಪನಂಬಿಕೆ ಆ ದಿನ ನನಗೆ ಎಷ್ಟು ಅನುಕೂಲವಾಗಿತ್ತು ಎಂಬುದು ಬಹಳ ತಡವಾಗಿ ಹೊಳೆಯಿತು.

ಸಂಜೆ ಬಸ್‌ಸ್ಟಾಪಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ. “ಕಾಕಾ, ಖರೇ ಹೇಳ್ರಿ. ಟೆಸ್ಟಿಗೋ, ನೀರಿಗೋ?”

“ಕಮಿಟಿ ಮುಂದ ಹೇಳೇನಲ್ರಿ.”

“ಅದು ಕಮಿಟಿಗೆ. ನನಗ ಹೇಳ್ರಿ.”

“ನಿಮಗ ಬ್ಯಾರೇ ಹೇಳ್ಬೇಕೇನು? ನೀವೂ ಅಲ್ಲೇ ಕುಂತಿದ್ರೆಲ್ಲ!” ಎಂದು ನಕ್ಕರು. ಆಮೇಲೆ, “ಧಾರವಾಡದ ಬಸ್ ಬಂತ ನೋಡ್ರಿ,” ಎಂದು ಹತ್ತಿಬಿಟ್ಟರು.

ಟ್ಯಾಂಕಿನ ಬಾಣದ ದಿನ ನನ್ನನ್ನು ಉಳಿಸಿದ ಹಾಗೆಯೇ ಆ ದಿನವೂ ಉಳಿಸಿದರೇ? ಅಥವಾ ವಿಚಾರಣೆಯಲ್ಲಿ ಸುಳ್ಳು ಹೇಳಬಾರದೆಂದು ನಿಜವನ್ನೇ ಹೇಳಿದರೇ? ನಿಜ ಹೇಳಿದ್ದರೆ ನನ್ನ ಮೆಮೊ ಸರಿ. ಸುಳ್ಳು ಹೇಳಿದ್ದರೆ ಅವರ ಕೊನೆಯ ಹತ್ತು ತಿಂಗಳನ್ನು ನಾನು ಕಸಿದುಕೊಂಡೆ, ಅವರು ಅದನ್ನು ಮತ್ತೊಮ್ಮೆ ಕೈಯೆತ್ತಿ ನನಗೇ ಕೊಟ್ಟರು. ಎರಡೂ ಕೂಡಿ ಇದ್ದಿರಬಹುದು ಎಂದು ಕೆಲವು ದಿನ ಸಮಾಧಾನ ಮಾಡಿಕೊಳ್ಳುತ್ತೇನೆ. ಮನುಷ್ಯ ಒಂದೇ ಕೊಳವೆ ತೆರೆದು ಎರಡು ಕೆಲಸ ಮಾಡಬಾರದೆಂದೇನಿಲ್ಲವಲ್ಲ. ಆದರೆ ಆ ಸಮಾಧಾನವೂ ನನಗೆ ಬೇಕಾದ ಹಾಗೇ ಇದೆ, ಹಾಗಾಗಿ ಅದನ್ನೂ ನಂಬಲಾರೆ.

ವರದಿ ಬಂದ ಮರುವಾರದಿಂದ ಮೂವತ್ತೊಂದನ್ನು ಮತ್ತೆ ತೆರೆಯಲು ಅಪ್ಪಣೆಯಾಯಿತು. ಬರೆದವಳು ನಾನೇ. ಕಾಕಾ ಮಾತ್ರ ಗೇಟಿನಲ್ಲೇ ಉಳಿದರು. ಅವರು ತಾವೇ ನೆವ ಎಂದು ಒಪ್ಪಿಕೊಂಡ ಮೇಲೆ ಮೆಮೊ ತೆಗೆಯುವುದು ಹೇಗೆ ಎಂದರು ಸಾಹೇಬರು. ನಾನೂ ಒತ್ತಿ ಹೇಳಲಿಲ್ಲ. ಒಂದು ದಿನ ಗೇಟಿನ ಬಳಿ ಹಾದು ಹೋಗುವಾಗ ನೋಡಿದೆ: ನಿಂತ ಲಾರಿಯೊಂದರ ಬಾನೆಟ್ಟಿನ ಹತ್ತಿರ ತಲೆ ಬಾಗಿಸಿ ನಿಂತಿದ್ದಾರೆ. ಡ್ರೈವರ್ ಕೆಳಗಿಳಿದು, “ಏನ್ ನೋಡಾಕತ್ತೀರಿ ಕಾಕಾ?” ಎಂದ. “ನೋಡಾಕತ್ತಿಲ್ಲೋ, ಕೇಳಾಕತ್ತೇನಿ,” ಎಂದರು. ಕಿವಿಯ ಮುಂದಿನ ಚರ್ಮ ಶುಭ್ರವಾಗಿತ್ತು. ಅವರ ವಯಸ್ಸು ಎಷ್ಟಾಗಿದೆ ಎಂದು ನನಗೆ ಅವತ್ತು ಮೊದಲ ಸಲ ಕಾಣಿಸಿತು.

ಗೇಟಿನಿಂದಲೇ ನಿವೃತ್ತರಾದರು. ಶಾಲು ಹೊದಿಸಿದೆವು, ಪೇಢಾ ಹಂಚಿದರು. ಎಂಟು ತಿಂಗಳೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಎದೆ ನೋವೆಂದು ಧಾರವಾಡಕ್ಕೆ ಕರೆತರುವಾಗ ದಾರಿಯಲ್ಲೇ ಹೋದರಂತೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನೂ ಒಂದು ಹಾಕಿದೆ. ಮಣ್ಣು ಕೊಡಲು ಹೋಗಲಿಲ್ಲ. ಅವತ್ತು ಕೇಂದ್ರದಲ್ಲಿ ದೊಡ್ಡ ಪರೀಕ್ಷೆಯಿತ್ತು. ಇತ್ತೆಂದೇ ನೆನಪು.

ಒಂದು ತಿಂಗಳು ಬಿಟ್ಟು ಸಾಹೇಬರಿಗೆ ಒಂದು ಪತ್ರ ಬರೆದೆ. ಬಹಳ ಸಲ ಬರೆದು ಹರಿದೆ. ಕಾಕಾ ಎಷ್ಟು ನಿಷ್ಠಾವಂತರು ಎಂದೆಲ್ಲ ಬರೆದಿದ್ದನ್ನು ಹೊಡೆದುಹಾಕಿದೆ, ಗೊತ್ತಿರುವುದಷ್ಟೇ ಉಳಿಯಿತು. “ಮೂವತ್ತೊಂದನೇ ಹೈಡ್ರಂಟನ್ನು ತೆರೆದು ನೋಡುವುದು ಅಗತ್ಯವಾದ ಪರೀಕ್ಷೆಯಾಗಿತ್ತು. ಅದನ್ನು ನಿಲ್ಲಿಸಿದ್ದು ನನ್ನ ತಪ್ಪು. ಅವರ ಉದ್ದೇಶ ಏನಿತ್ತೆಂದು ನನಗೆ ತಿಳಿಯದು. ಮೆಮೊ ಬರೆದಾಗಲೂ ತಿಳಿದಿರಲಿಲ್ಲ. ಆದರೂ ತಿಳಿದವಳಂತೆ ಬರೆದೆ. ಮೆಮೊವನ್ನು ಹಿಂತೆಗೆದುಕೊಳ್ಳುತ್ತೇನೆ.”

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹೋದವ್ರ ಫೈಲ್ ಈಗ್ಯಾಕ ತೆಗೀತೀರಿ? ನಿಮ್ಮ ಮ್ಯಾಲೆ ನೀವಽ ಬರಕೊಂಡಂಗ ಆಗತೈತಲ್ಲ.”

“ಆಗ್ಲಿ ಸರ್.”

ಅವರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಸಹಿ ಮಾಡಿದರು. ಅದರಿಂದ ನನಗೇನಾಗಬೇಕೋ ಅದು ಆಗಿದೆ. ಇಲ್ಲಿ ಬರೆಯುವಂಥದ್ದಲ್ಲ.

ಪತ್ರದ ಪ್ರತಿ ಹಿಡಿದು ಒಂದು ಭಾನುವಾರ ಉಪ್ಪಿನಬೆಟಗೇರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಂಪಿನ ಕಾಕಾ ಎಂದರೆ ಅಲ್ಲೂ ಗೊತ್ತಿತ್ತು. ಅವರ ಹೆಂಡತಿ, ನಾನು ಕಾಕೂ ಎಂದು ಕರೆದೆ, ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ. “ಮೇಡಂ ಅಂದ್ರ ನೀವಽ ಏನ್ರಿ?” ಎಂದರು. ಆ ಮಾತಿನಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಹೋಗಿ ನೀರು ತಂದು ಕೊಟ್ಟರು.

ಪತ್ರ ಕೊಟ್ಟೆ. “ನನಗ ಓದಾಕ ಬರಂಗಿಲ್ಲವಾ, ನೀನಽ ಓದು,” ಎಂದರು. ಓದಿದೆ. ಓದುವಾಗ ನನ್ನ ಧ್ವನಿ ಕಚೇರಿಯ ಧ್ವನಿಯಾಯಿತು.

“ಉದ್ದೇಶ ಅಂದ್ರ ಏನ ಯವ್ವಾ?”

“ಮನಸಿನ್ಯಾಗ ಏನಿತ್ತು ಅಂತ, ಕಾಕೂ. ಕಾಕಾ ಮನ್ಯಾಗ ಏನರ ಹೇಳ್ತಿದ್ರೇನು? ನೀರು ಯಾತಕ್ಕ ಬಿಡ್ತಿದ್ರು ಅಂತ?”

“ಮನಿಗೆ ಬಂದು ಕೆಲಸದ ಮಾತು ಆಡ್ತಿರಲಿಲ್ಲ ಬಿಡು. ಗೇಟಿಗೆ ಹಾಕಿದಾಗ ಒಮ್ಮೆ ಅಂದ್ರು, ಕುರ್ಚಿ ಕೊಟ್ಟಾರ, ಆರಾಮ ಐತಿ ಅಂತ. ಅಷ್ಟಽ.” ಮೊರದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದರು. “ಆರಾಮ ಇತ್ತಂದ್ರ ರಾತ್ರಿ ನಿದ್ದಿ ಬರಬೇಕಿತ್ತಲ್ಲ. ಬರ್ತಿರಲಿಲ್ಲ.”

ಅವರು ಸೆರಗಿಗೆ ಕೈ ಒರೆಸಿಕೊಂಡು ಪತ್ರವನ್ನು ತೆಗೆದುಕೊಂಡರು. ಕೆಳಗಿದ್ದ ನನ್ನ ಸಹಿಯ ಮೇಲೆ ಬೆರಳಿಟ್ಟು, ಇದು ನೀನು ಬರೆದದ್ದೇ ಎಂದು ಕೇಳಿದರು. ಹೌದೆಂದೆ.

“ಚಲೋ ಬರದೀ. ಆದ್ರ ಇದನ್ನ ಅವ್ರು ಇದ್ದಾಗ ಬರೀಬೇಕಿತ್ತಲ್ಲವಾ.”

“ಬರೀಬೇಕಿತ್ತು ಕಾಕೂ,” ಎಂದೆ. ಇಡೀ ಈ ವಿಷಯದಲ್ಲಿ ಎರಡು ಸಲ ಯೋಚಿಸದೆ ನಾನು ಕೊಟ್ಟ ಉತ್ತರ ಇದೊಂದೇ.